ಮೇರಿ ಕೋಮ್ ಕಥೆಯಲ್ಲಿ ಬಂದು ಹೋಗುವ ಆ ಚೀನಾದ ಬಾಕ್ಸರ್

ಹಿಂದಿನ ಸಂಚಿಕೆಯಲ್ಲಿ ಮೇರಿ ಕೋಮ್ ಪದಕಗಳ ಲೆಕ್ಕ ಕೊಡುವಾಗ, “2010ರ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಚೀನಾದ ರೆನ್ ಕಾನ್‌ಕಾನ್‌ಗೆ ಸೋತು ಕಂಚು” ಎಂದು ಒಂದು ಸಾಲು ಹಾಕಿದ್ದೆ. ಆ ಒಂದು ಸಾಲಿನ ಬಾಲ ಹಿಡಿದು ಇಷ್ಟು ಕಾಗದ ಬರುತ್ತವೆ ಎಂದು ನಾನಾಗಲಿ ಸಂಪಾದಕರಾಗಲಿ ಎಣಿಸಿರಲಿಲ್ಲ. ಕ್ರಿಕೆಟ್ ಪ್ರಶ್ನೆ ಕಳಿಸಿದವರು ಈ ಸಲ ಸುಧಾರಿಸಿಕೊಳ್ಳಬೇಕು. ಪುಟ ಪೂರ್ತಿ ಬಾಕ್ಸಿಂಗ್‌ನದೇ. ರಿಂಗ್ ಬದಿಯ ಕುರ್ಚಿಯಲ್ಲಿ ವರ್ಷಗಟ್ಟಲೆ ಜಡ್ಜ್ ಆಗಿ ಕೂತವನಿಗೆ ಇದಕ್ಕಿಂತ ಸಂತೋಷ ಇನ್ನೇನು ಬೇಕು!

ಪ್ರಶ್ನೆ: ಸರ್, ಮೇರಿ ಕೋಮ್ ಅವರನ್ನೇ ಸೋಲಿಸಿದವರ ಬಗ್ಗೆ ಒಂದೇ ಸಾಲು ಬರೆದು ಕೈ ತೊಳೆದುಕೊಂಡಿದ್ದು ಸರಿಯಾ? ಈ ರೆನ್ ಕಾನ್‌ಕಾನ್ ಯಾರು? ಆಮೇಲೆ ಏನು ಮಾಡಿದರು? — ಪಿ.ಯು. ವಿದ್ಯಾರ್ಥಿನಿ

ಸರಿಯಲ್ಲ ಮಗಳೇ. ಕೂತು ಓದು, ಉತ್ತರ ಉದ್ದ ಇದೆ.

ರೆನ್ ಚೀನಾದ ಪೂರ್ವ ಕರಾವಳಿಯ ಶಾಂಡೊಂಗ್ ಪ್ರಾಂತ್ಯದವರು. ತೂಕದ ವಿಭಾಗ 51 ಕೆ.ಜಿ., ಅಂದರೆ ಫ್ಲೈವೇಟ್. ಎರಡು ಸಲ ವಿಶ್ವ ಚಾಂಪಿಯನ್: 2010ರಲ್ಲಿ ಬಾರ್ಬಡಾಸ್‌ನ ಬ್ರಿಜ್‌ಟೌನ್‌ನಲ್ಲಿ, 2012ರಲ್ಲಿ ತಮ್ಮದೇ ದೇಶದ ಕ್ವಿನ್‌ಹುವಾಂಗ್‌ಡಾವೊದಲ್ಲಿ. 2010ರ ನವೆಂಬರ್‌ನಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್ ಚಿನ್ನ. ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ, ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು. ಇಷ್ಟೆಲ್ಲ ಇರುವವರು ನಮ್ಮ ಪತ್ರಿಕೆಗಳಲ್ಲಿ ಕಾಣಿಸುವುದು ಮಾತ್ರ ಮೇರಿ ಕೋಮ್ ಅವರ ಎದುರಾಳಿಯಾಗಿ. ಬ್ರಿಟನ್ನಿನ ಪತ್ರಿಕೆಗಳಲ್ಲಿ ಕಾಣಿಸುವುದು ನಿಕೋಲಾ ಆಡಮ್ಸ್ ಎದುರು ಸೋತವರಾಗಿ. ಎರಡೂ ಕಡೆ ಬೇರೆಯವರ ಕಥೆಯಲ್ಲಿ ಒಂದು ಪಾತ್ರ, ಅಷ್ಟೆ. ನನಗೆ ಇದು ಮೊದಲಿನಿಂದಲೂ ಕಸಿವಿಸಿ.

ಮೊದಲು ಗುವಾಂಗ್‌ಝೌ ವಿಷಯ. ಏಷ್ಯನ್ ಗೇಮ್ಸ್‌ಗೆ ಮಹಿಳಾ ಬಾಕ್ಸಿಂಗ್ ಸೇರಿದ್ದೇ ಆ ವರ್ಷ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಬ್ರಿಜ್‌ಟೌನ್‌ನಲ್ಲಿ ಮೇರಿ 48 ಕೆ.ಜಿ.ಯಲ್ಲಿ, ರೆನ್ 51 ಕೆ.ಜಿ.ಯಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು. ಏಷ್ಯನ್ ಗೇಮ್ಸ್‌ನಲ್ಲಿ 48 ಇರಲೇ ಇಲ್ಲ. ಮೇರಿ 51ಕ್ಕೆ ಹತ್ತಿದರು. ಹೀಗಾಗಿ ಸೆಮಿಫೈನಲ್‌ನಲ್ಲಿ ಎದುರುಬದುರಾದದ್ದು ಇಬ್ಬರು ಹಾಲಿ ವಿಶ್ವ ಚಾಂಪಿಯನ್ನರು. ರೆನ್ 11-7ರಲ್ಲಿ ಗೆದ್ದರು. ನಮ್ಮಲ್ಲಿ ಅದನ್ನು “ಮೇರಿಗೆ ಆಘಾತ” ಎಂದು ಬರೆದರು. ಆಘಾತವೇನೂ ಅಲ್ಲ. ತನ್ನ ಮನೆಯಲ್ಲಿ, ತನ್ನ ತೂಕದಲ್ಲಿ ಆಡಿದ ಚಾಂಪಿಯನ್, ಮೇಲಿನ ತೂಕಕ್ಕೆ ಬಂದ ಚಾಂಪಿಯನ್‌ನನ್ನು ಸೋಲಿಸಿದರು.

ಮೇರಿ ಬಿಟ್ಟಾರೆಯೇ! 2012ರ ಮಾರ್ಚ್‌ನಲ್ಲಿ ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಫೈನಲ್. ಮತ್ತೆ ಅದೇ ರೆನ್, ಮತ್ತೆ ಅದೇ 51 ಕೆ.ಜಿ. ಈ ಸಲ ಮೇರಿ 14-8. ಒಂದೂವರೆ ವರ್ಷದಲ್ಲಿ ಮೇರಿ ಆ ತೂಕಕ್ಕೆ ಹೇಗೆ ಹೊಂದಿಕೊಂಡಿದ್ದರು ಎನ್ನುವುದಕ್ಕೆ ಈ ಎರಡು ಸ್ಕೋರುಗಳೇ ಸಾಕ್ಷಿ.

ಆದರೆ ರೆನ್ ಅವರ ನಿಜವಾದ ಜೋಡಿ ಮೇರಿ ಅಲ್ಲ, ನಿಕೋಲಾ ಆಡಮ್ಸ್. ಇಂಗ್ಲೆಂಡಿನ ಲೀಡ್ಸ್ ನಗರದವರು. 2010ರ ವಿಶ್ವ ಫೈನಲ್‌ನಲ್ಲಿ ಇವರಿಬ್ಬರೇ, ಗೆದ್ದದ್ದು ರೆನ್. 2012ರ ಮೇ ತಿಂಗಳ ವಿಶ್ವ ಫೈನಲ್‌ನಲ್ಲೂ ಇವರಿಬ್ಬರೇ. ಅಲ್ಲೂ ರೆನ್, 14-10. ಅದೇ ಕೂಟದ ಕ್ವಾರ್ಟರ್‌ಫೈನಲ್‌ನಲ್ಲಿ ಮೇರಿ ಆಡಮ್ಸ್‌ಗೆ 11-13ರಲ್ಲಿ ಸೋತಿದ್ದರು. ಹಾಗಾಗಿ ಲಂಡನ್‌ಗೆ ಹೋಗುವಾಗ ರೆನ್ ಅಗ್ರ ಶ್ರೇಯಾಂಕದವರು. ಆಡಮ್ಸ್ ಅವರೊಡನೆ ಆಡಿದ ಎರಡು ವಿಶ್ವ ಫೈನಲ್‌ಗಳಲ್ಲಿ ಎರಡನ್ನೂ ಗೆದ್ದವರು.

ಲಂಡನ್‌ನಲ್ಲಿ ಮಹಿಳಾ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಮೊದಲ ಸಲ ಬಂತು. 2009ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ತೀರ್ಮಾನ ಮಾಡಿ, ಮೂರೇ ತೂಕ ಕೊಟ್ಟಿತು: 51, 60, 75. ಒಂದೊಂದಕ್ಕೆ 12 ಮಂದಿ, ಒಟ್ಟು 36 ಹೆಣ್ಣುಮಕ್ಕಳು. ಗಂಡಸರು 250 ಮಂದಿ ಇದ್ದರು. ಎಷ್ಟು ಕೈಬಿಗಿ ನೋಡಿ! ರೆನ್ ಕ್ವಾರ್ಟರ್‌ಫೈನಲ್‌ನಲ್ಲಿ ರಷ್ಯಾದ ಎಲೆನಾ ಸವೆಲ್ಯೆವಾ ಅವರನ್ನು ಸೋಲಿಸಿದರು. ಒಲಿಂಪಿಕ್ಸ್ ಇತಿಹಾಸದ ಮೊಟ್ಟಮೊದಲ ಮಹಿಳಾ ಬೌಟ್, ಅಂದರೆ ಪಂದ್ಯ, ಗೆದ್ದವರು ಈ ಸವೆಲ್ಯೆವಾ. ಸೆಮಿಯಲ್ಲಿ ಅಮೆರಿಕದ ಮಾರ್ಲೆನ್ ಎಸ್ಪಾರ್ಜಾ, 10-8. ಮಗ್ಗುಲಿನ ಸೆಮಿಯಲ್ಲಿ ಆಡಮ್ಸ್ ನಮ್ಮ ಮೇರಿಯವರನ್ನು 11-6ರಲ್ಲಿ ಹೊರಹಾಕಿದರು.

ಆಗಸ್ಟ್ 9, ಎಕ್ಸೆಲ್ ಸಭಾಂಗಣ. ಊರಿಗೆ ಊರೇ ಆಡಮ್ಸ್ ಪರ. ಮೊದಲ ರೌಂಡ್ ಮುಗಿದಾಗ ಆಡಮ್ಸ್ 4-2ರಲ್ಲಿ ಮುಂದೆ. ಎರಡನೆಯ ರೌಂಡ್‌ನಲ್ಲಿ ಆಡಮ್ಸ್ ಸರಣಿ ಹೊಡೆತ ಬಿಟ್ಟರು, ರೆನ್ ಕುಸಿದು ಕೂತರು. ಎದ್ದರು, ರೆಫರಿ ಎಂಟು ಎಣಿಸಿದರು, ಆಟ ಮುಂದುವರಿಯಿತು. ಮೂರನೆಯ ರೌಂಡ್ ಕೊನೆಗೆ 14-5. ಮುಗಿದಾಗ 16-7. ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಚಿನ್ನ ಗೆದ್ದ ಮೊದಲ ಮಹಿಳೆ ಎಂಬ ಹೆಸರು ಆಡಮ್ಸ್‌ಗೆ ಹೋಯಿತು. ಮೂರು ತಿಂಗಳ ಹಿಂದೆ ಅದೇ ಇಬ್ಬರು ಆಡಿದಾಗ ಫಲಿತಾಂಶ ತಿರುವುಮುರುವಾಗಿತ್ತು. ಒಲಿಂಪಿಕ್ಸ್ ಮೇ ತಿಂಗಳಲ್ಲಿ ನಡೆದಿದ್ದರೆ ಎಂದು ನನ್ನ ಗೆಳೆಯರೊಬ್ಬರು ಈಗಲೂ ರಾಗ ಎಳೆಯುತ್ತಾರೆ. ನಾನು ಎಳೆಯುವುದಿಲ್ಲ. ಆ ದಿನ ಆಡಮ್ಸ್ ಎಲ್ಲ ವಿಧದಲ್ಲೂ ಮೇಲಿದ್ದರು. ರೆನ್ ಅವರ ಜ್ಯಾಬ್, ಅಂದರೆ ಮುಂಗೈಯ ನೇರ ಹೊಡೆತ, ಹೋಗುವ ಹೊತ್ತಿಗೆ ಆಡಮ್ಸ್ ಅಲ್ಲಿರುತ್ತಿರಲಿಲ್ಲ, ತಿರುಗಿ ಎರಡು ಕೊಟ್ಟು ಆಚೆ ಹೋಗಿರುತ್ತಿದ್ದರು.

ನಾಲ್ಕು ವರ್ಷ ಬಿಟ್ಟು ರಿಯೊದಲ್ಲಿ ಸೆಮಿಫೈನಲ್. ಮತ್ತೆ ಆಡಮ್ಸ್, ಮತ್ತೆ ಸೋಲು. ಆಡಮ್ಸ್ ಚಿನ್ನ ಉಳಿಸಿಕೊಂಡರು. 1924ರ ಹ್ಯಾರಿ ಮ್ಯಾಲಿನ್ ನಂತರ ಹಾಗೆ ಉಳಿಸಿಕೊಂಡ ಮೊದಲ ಬ್ರಿಟಿಷ್ ಬಾಕ್ಸರ್. ರೆನ್‌ಗೆ ಕಂಚು. ನಾಲ್ಕು ದೊಡ್ಡ ಭೇಟಿಗಳಲ್ಲಿ ಲೆಕ್ಕ ಎರಡು-ಎರಡು ಸಮ. ಆದರೆ ರೆನ್ ಗೆದ್ದ ಎರಡು ಟಿ.ವಿ. ಮುಂದೆ ಯಾರೂ ನೋಡದ ವಿಶ್ವ ಚಾಂಪಿಯನ್‌ಷಿಪ್‌ಗಳು, ಸೋತ ಎರಡು ಇಡೀ ಜಗತ್ತು ನೋಡಿದ ಒಲಿಂಪಿಕ್ಸ್‌ಗಳು. ಒಂದೇ ಸಾಲಿನ ಪಾತ್ರವಾಗಿ ಉಳಿದದ್ದಕ್ಕೆ ಕಾರಣ ಇಷ್ಟೇ.

ಪ್ರಶ್ನೆ: 48ಕ್ಕೂ 51ಕ್ಕೂ ಮೂರೇ ಕೆ.ಜಿ. ವ್ಯತ್ಯಾಸ. ಹಬ್ಬದ ವಾರದಲ್ಲಿ ನಾನೇ ಅಷ್ಟು ಹೆಚ್ಚುತ್ತೇನೆ. ಅದಕ್ಕೆ ಯಾಕಿಷ್ಟು ರಾದ್ಧಾಂತ? — ನಿವೃತ್ತ ಬ್ಯಾಂಕ್ ನೌಕರ

ಸ್ವಾಮಿ, ನೀವು ಹೆಚ್ಚುವುದು ಹೊಟ್ಟೆಯಲ್ಲಿ. ಬಾಕ್ಸರ್ ಹೆಚ್ಚಿಸಿಕೊಳ್ಳಬೇಕಾದದ್ದು ತೊಡೆಯಲ್ಲಿ, ಹೆಗಲಲ್ಲಿ, ಅದೂ ಕಾಲಿನ ಚುರುಕು ಹೋಗದ ಹಾಗೆ.

ಇನ್ನೊಂದು ಕಡೆಯಿಂದ ನೋಡಿ. 51ರಲ್ಲಿ ಆಡುವವರು ಉಳಿದ ದಿನಗಳಲ್ಲಿ 51 ಇರುವುದಿಲ್ಲ. ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿದ್ದು, ಕೂಟ ಹತ್ತಿರ ಬಂದಾಗ ಬೆವರು ಹರಿಸಿ, ಊಟ ನೀರು ಬಿಗಿ ಮಾಡಿ ಇಳಿಯುತ್ತಾರೆ. ಬೌಟ್ ಇರುವ ದಿನ ಬೆಳಿಗ್ಗೆ ತೂಕ ಕೊಡಬೇಕು, ಸಂಜೆ ಆಡಬೇಕು. ಮೇರಿ ಕೋಮ್‌ಗೆ ಈ ಇಳಿಯುವ ಕಷ್ಟ ಇರಲಿಲ್ಲ, ಅವರದು ಹತ್ತುವ ಕಷ್ಟ. ಎದುರಿಗೆ ಬರುವವರು ಎತ್ತರದಲ್ಲಿ, ಕೈಯ ಉದ್ದದಲ್ಲಿ ಹೆಚ್ಚು. ಉದ್ದ ಕೈಯವರ ಜ್ಯಾಬ್ ದಾಟಿಕೊಂಡು ಒಳಗೆ ನುಗ್ಗಬೇಕು, ನುಗ್ಗಿದಷ್ಟೂ ಹೊಡೆತ ತಿನ್ನಬೇಕು.

ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರಿಗೆ ಹತ್ತು ತೂಕ ಇದ್ದಾಗ ಒಲಿಂಪಿಕ್ಸ್ ಮೂರೇ ಕೊಟ್ಟದ್ದರ ಪರಿಣಾಮ ಇದು. 48ರ ಚಾಂಪಿಯನ್, 51ರ ಚಾಂಪಿಯನ್ ಒಂದೇ ಬಾಗಿಲಲ್ಲಿ ನುಗ್ಗಿದರು. 2008ರಲ್ಲಿ 54 ಕೆ.ಜಿ.ಯಲ್ಲಿ ವಿಶ್ವ ಬೆಳ್ಳಿ ಗೆದ್ದಿದ್ದ ಆಡಮ್ಸ್ ಕೂಡ ಮೇಲಿನಿಂದ ಇಳಿದು ಅದೇ ಬಾಗಿಲಿಗೆ ಬಂದರು. ಆ ಬಾಗಿಲು ರೆನ್ ಅವರ ಸ್ವಂತದ್ದು. ಅದು ಅವರಿಗೆ ಅನುಕೂಲವೇ ಆಯಿತು ಎನ್ನಬಹುದು, ತೂಕ ಬದಲಿಸುವ ಗೊಡವೆ ಇರಲಿಲ್ಲ. ಆದರೆ ಅದೇ ಕಾರಣಕ್ಕೆ ಎರಡೂ ಕಡೆಯ ಹುಲಿಗಳು ಬಂದು ಅವರ ಅಂಗಳದಲ್ಲೇ ಸೇರಿದವು.

ಪ್ರಶ್ನೆ: ನೀವು ಹೇಳಿದ ಲಂಡನ್ ಫೈನಲ್ ವಿಡಿಯೊ ಹಿಂದೊಮ್ಮೆ ನೋಡಿದ್ದೆ. ನೆಲಕ್ಕೆ ಬೀಳಿಸಿದರೂ ಒಂದೇ ಪಾಯಿಂಟ್ ಅಂತೆ! ಹಾಗಾದರೆ ಅದು ಬಾಕ್ಸಿಂಗಾ, ಕೇರಂ ಆಟವಾ? — ಜಿಮ್ ತರಬೇತುದಾರ

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಕೇರಂ ಆಡುವವರು ಬೇಜಾರು ಮಾಡಿಕೊಳ್ಳುತ್ತಾರೆ.

ಆ ಕಾಲದ ಪದ್ಧತಿ ಹೀಗಿತ್ತು. ರಿಂಗ್ ಸುತ್ತ ಐವರು ಜಡ್ಜ್‌ಗಳು. ಪ್ರತಿಯೊಬ್ಬರ ಮುಂದೆ ಒಂದು ಸಣ್ಣ ಯಂತ್ರ, ಕೆಂಪು ಮೂಲೆಯವರಿಗೆ ಕೆಂಪು ಗುಂಡಿ, ನೀಲಿಯವರಿಗೆ ನೀಲಿ. ಮುಷ್ಟಿಯ ಗೆಣ್ಣಿನ ಭಾಗ, ಅಂದರೆ ಗ್ಲೋವ್‌ನ ಬಿಳಿ ಭಾಗ, ತಲೆಗೋ ಸೊಂಟದ ಮೇಲಿನ ಮೈಗೋ ತಡೆಯಿಲ್ಲದೆ ತಗುಲಿದರೆ ಗುಂಡಿ ಒತ್ತಬೇಕು. ಮೂವರು ಜಡ್ಜ್‌ಗಳು ಹೆಚ್ಚುಕಡಿಮೆ ಒಂದು ಸೆಕೆಂಡಿನೊಳಗೆ ಒಂದೇ ಬಣ್ಣ ಒತ್ತಿದರೆ ಮಾತ್ರ ಪಾಯಿಂಟ್ ಎಂಬುದು ಬಹಳ ವರ್ಷ ಇದ್ದ ನಿಯಮ. ಲಂಡನ್ ಹೊತ್ತಿಗೆ ಅಂಕ ಕೂಡಿಸುವ ರೀತಿ ಬದಲಾಗಿತ್ತು, ಸ್ಕೋರನ್ನು ರೌಂಡ್ ಮುಗಿದ ಮೇಲೆ ತೋರಿಸುತ್ತಿದ್ದರು. ಗುಂಡಿ ಮಾತ್ರ ಅದೇ ಗುಂಡಿ.

ಗುಂಡಿಯ ಮುಂದೆ ಕೂತವನಾಗಿ ಹೇಳುತ್ತೇನೆ. ಒಂಟಿ ಜ್ಯಾಬ್ ಬಂದು ಮುಖಕ್ಕೆ ನೇರವಾಗಿ ತಗುಲಿತೋ, ಹೆಬ್ಬೆರಳು ತಾನಾಗಿ ಒತ್ತುತ್ತದೆ. ಇಬ್ಬರೂ ಮೈಗೆ ಮೈ ತಾಗಿಸಿ ನಿಂತು ನಾಲ್ಕೈದು ಹೊಡೆತ ಒಟ್ಟಿಗೆ ಬಿಟ್ಟರೋ, ಕಣ್ಣು ನೋಡಿದ್ದನ್ನು ಬೆರಳು ಎಣಿಸಿ ಮುಗಿಸುವ ಹೊತ್ತಿಗೆ ಅವರು ಬಿಡಿಸಿಕೊಂಡಿರುತ್ತಾರೆ. ನನ್ನ ಕಡೆ ಬೆನ್ನು ಮಾಡಿ ನಿಂತ ಬಾಕ್ಸರ್‌ನ ಹುಕ್, ಅಂದರೆ ಬದಿಯಿಂದ ಬಾಗಿ ಬರುವ ಹೊಡೆತ, ನನಗೆ ಕಾಣುವುದೇ ಇಲ್ಲ, ಎದುರು ಬದಿಯವನಿಗೆ ಕಾಣುತ್ತದೆ. ಕೂಟದ ಕೊನೆಗೆ ಬೆರಳು ಸೆಟೆದು ನಿಂತಿರುತ್ತದೆ. ಇದರಿಂದ ಆದದ್ದೇನು? ಮೈಗೆ ಹೊಡೆಯುವವರು, ಒಳಗೆ ನುಗ್ಗಿ ಸರಣಿ ಬಿಡುವವರು ನಷ್ಟಪಟ್ಟರು. ದೂರ ನಿಂತು, ಒಂದೊಂದೇ ಶುಭ್ರವಾದ ಹೊಡೆತ ಕೊಟ್ಟು, ಕೈ ಮೇಲಿಟ್ಟು ಹಿಂದೆ ಸರಿಯುವವರು ಲಾಭ ಮಾಡಿಕೊಂಡರು. ಎಂಟು ನಿಮಿಷ ಆಡಿ ಸ್ಕೋರು 10-8 ಬರುತ್ತಿದ್ದದ್ದು ಹೀಗೆ. ಇಬ್ಬರೂ ಅದಕ್ಕಿಂತ ಎಷ್ಟೋ ಹೆಚ್ಚು ಹೊಡೆತ ತಿಂದಿರುತ್ತಾರೆ, ಯಂತ್ರಕ್ಕೆ ಗೊತ್ತಿರುವುದಿಲ್ಲ.

ಮಹಿಳೆಯರದು ಆಗ ಎರಡು ನಿಮಿಷದ ನಾಲ್ಕು ರೌಂಡ್. ನೆಲಕ್ಕೆ ಬೀಳಿಸಿದ ಹೊಡೆತಕ್ಕೂ ಮೂಗಿನ ತುದಿ ಸವರಿದ ಹೊಡೆತಕ್ಕೂ ಬೆಲೆ ಒಂದೇ. ಅದಕ್ಕೇ ನನ್ನ ದೃಷ್ಟಿಯಲ್ಲಿ ಆಡಮ್ಸ್ ಅವರ 16-7 ಬಹಳ ದೊಡ್ಡ ಗೆಲುವು. ಸರಣಿ ಹೊಡೆತಕ್ಕೆ ಜಿಪುಣತನ ತೋರುವ ಯಂತ್ರದ ಮುಂದೆ ಸರಣಿ ಹೊಡೆದೇ ಹದಿನಾರು ಪಾಯಿಂಟ್ ಕಿತ್ತರು.

2013ರಿಂದ ಆ ಗುಂಡಿಗಳು ಮೂಲೆ ಸೇರಿದವು. ಈಗ ಪ್ರತಿ ರೌಂಡ್ ಗೆದ್ದವರಿಗೆ 10, ಸೋತವರಿಗೆ 9 ಅಥವಾ ಅದಕ್ಕಿಂತ ಕಡಿಮೆ. ಕೊನೆಯಲ್ಲಿ ಎಷ್ಟು ಜಡ್ಜ್‌ಗಳು ಯಾರ ಕಡೆ ಎಂಬ ಲೆಕ್ಕ. ಪೇಪರಿನಲ್ಲಿ 4-1, 5-0 ಎಂದು ಓದುತ್ತೀರಲ್ಲ, ಅದು ಪಾಯಿಂಟ್ ಅಲ್ಲ, ಜಡ್ಜ್‌ಗಳ ತಲೆ ಎಣಿಕೆ. 2017ರಿಂದ ಮಹಿಳೆಯರಿಗೂ ಗಂಡಸರಂತೆ ಮೂರು ನಿಮಿಷದ ಮೂರು ರೌಂಡ್ ಬಂತು. ರೆನ್ ಅವರ ಕ್ರೀಡಾಜೀವನ ಈ ಎರಡು ಪದ್ಧತಿಗಳ ಮೇಲೂ ಹಾದುಹೋಯಿತು. ಲಂಡನ್ ಗುಂಡಿಯ ಕಾಲ, ರಿಯೊ ಹತ್ತು ಪಾಯಿಂಟ್‌ನ ಕಾಲ. ಎರಡರಲ್ಲೂ ಪದಕ ಬಂತು ಎನ್ನುವುದನ್ನು ನಾನು ಸಣ್ಣದಾಗಿ ಕಾಣುವುದಿಲ್ಲ. ಗುಂಡಿಯ ಲೆಕ್ಕಕ್ಕೆ ಆಟ ಹೊಂದಿಸಿಕೊಂಡಿದ್ದ ಎಷ್ಟೋ ಜನ 2013ರ ನಂತರ ಕಾಣದೇ ಹೋದರು.

ಪ್ರಶ್ನೆ: ಸೆಮಿಫೈನಲ್‌ನಲ್ಲಿ ಸೋತರೆ ಕಂಚು ಸಿಗುವುದು ಹೇಗೆ? ಮೂರನೇ ಸ್ಥಾನಕ್ಕೆ ಪಂದ್ಯ ಇರಬೇಕಲ್ಲವೇ? — ಮಾಧ್ಯಮಿಕ ಶಾಲೆಯ ವಿದ್ಯಾರ್ಥಿ

ಬಾಕ್ಸಿಂಗ್‌ನಲ್ಲಿ ಇಲ್ಲ. ಏಟು ತಿಂದು ಸೋತವರನ್ನು ಮತ್ತೆ ಎರಡು ದಿನಕ್ಕೆ ರಿಂಗ್‌ಗೆ ಹತ್ತಿಸುವುದು ಬೇಡವೆಂದು ಇಬ್ಬರಿಗೂ ಕಂಚು. ಮೇರಿಗೆ ಲಂಡನ್‌ನಲ್ಲಿ, ರೆನ್‌ಗೆ ರಿಯೊದಲ್ಲಿ ಬಂದದ್ದು ಹೀಗೇ.

ಪ್ರಶ್ನೆ: ಚೀನಾದಲ್ಲಿ ಸರ್ಕಾರವೇ ಸಂಬಳ ಕೊಟ್ಟು ಸಾಕುತ್ತದೆ. ಅಂಥವರನ್ನು ಹವ್ಯಾಸಿ ಬಾಕ್ಸರ್ ಎಂದು ಯಾವ ಬಾಯಲ್ಲಿ ಕರೆಯುತ್ತೀರಿ? — ವಾದ ಬಿಡದ ಓದುಗ

ಅದೇ ಬಾಯಲ್ಲಿ, ನಮ್ಮ ರೈಲ್ವೆ, ಪೊಲೀಸ್, ಸೇನೆಯ ಬಾಕ್ಸರ್‌ಗಳನ್ನು ಕರೆಯುವ ಬಾಯಲ್ಲಿ. ಅವರಿಗೂ ತಿಂಗಳ ಸಂಬಳ ಬರುತ್ತದೆ. ಒಲಿಂಪಿಕ್ಸ್ ಮಾದರಿಯ ಬಾಕ್ಸಿಂಗ್‌ಗೂ ವೃತ್ತಿಪರ ಬಾಕ್ಸಿಂಗ್‌ಗೂ ಇರುವ ಗೆರೆ ದುಡ್ಡಿನದಲ್ಲ, ಆಟದ ರೂಪದ್ದು: ಮೂರೇ ರೌಂಡ್, ಕೂಟದ ಉದ್ದಕ್ಕೂ ಎರಡು ಮೂರು ದಿನಕ್ಕೊಂದು ಬೌಟ್. ವೃತ್ತಿಪರರದು ಹತ್ತು ಹನ್ನೆರಡು ರೌಂಡ್, ವರ್ಷಕ್ಕೆ ಕೆಲವೇ ಬೌಟ್, ಟಿಕೆಟ್ ಮಾರುವ ಪ್ರವರ್ತಕರು.

ಚೀನಾದ ಏರ್ಪಾಡು ಹೇಗೆಂದರೆ, ಊರು ಮಟ್ಟದ ಕ್ರೀಡಾ ಶಾಲೆ, ಅಲ್ಲಿಂದ ಪ್ರಾಂತ್ಯದ ತಂಡ, ಅಲ್ಲಿಂದ ರಾಷ್ಟ್ರೀಯ ತಂಡ. ಪ್ರಾಂತ್ಯದ ತಂಡ ಸೇರಿದವರಿಗೆ ಊಟ, ವಸತಿ, ಸಂಬಳ. ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಅಲ್ಲಿನ ರಾಷ್ಟ್ರೀಯ ಕ್ರೀಡಾಕೂಟ. ಹೊರಗಿನವರಿಗೆ ಒಲಿಂಪಿಕ್ಸ್ ಮುಖ್ಯ, ಪ್ರಾಂತ್ಯದ ಕ್ರೀಡಾ ಅಧಿಕಾರಿಗಳಿಗೆ ತಮ್ಮ ಲೆಕ್ಕದ ಪದಕ ಎಣಿಸುವ ಈ ಕೂಟವೂ ಅಷ್ಟೇ ಮುಖ್ಯ. ಶಾಂಡೊಂಗ್‌ನ ಹುಡುಗಿ, ಒಳ ಮಂಗೋಲಿಯಾದ ಹುಡುಗಿ, ಗ್ವಿಝೌ ಹುಡುಗಿ ಎಂದು ಪ್ರಾಂತ್ಯದ ಹೆಸರು ಕೊನೆಯವರೆಗೂ ಅಂಟಿಕೊಂಡಿರುವುದು ಇದರಿಂದ.

ಇನ್ನೊಂದು ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಚೀನಾ 1959ರಲ್ಲಿ ಬಾಕ್ಸಿಂಗ್ ಅನ್ನೇ ನಿಷೇಧಿಸಿತ್ತು. ಅಪಾಯದ ಆಟ, ಬಂಡವಾಳಶಾಹಿಗಳ ಆಟ ಎಂಬ ಮಾತು ಆಗ. 1979ರಲ್ಲಿ ಮುಹಮ್ಮದ್ ಅಲಿ ಬೀಜಿಂಗ್‌ಗೆ ಹೋಗಿ ಚೀನಾದ ಆಗಿನ ನಾಯಕ ಡೆಂಗ್ ಶಿಯಾವೊಪಿಂಗ್ ಅವರನ್ನು ಕಂಡರು. ನಿಷೇಧ ಪೂರ್ತಿ ತೆರವಾದದ್ದು 1986ರಲ್ಲಿ. ರೆನ್ ಪೀಳಿಗೆಯವರು ಹುಟ್ಟಿದ್ದು ಅದರ ಆಸುಪಾಸಿನಲ್ಲಿ. ಅವರ ತಾಯಂದಿರ ಕಾಲದಲ್ಲಿ ಗಂಡಸರಿಗೂ ಈ ಆಟ ಇರಲಿಲ್ಲ. 2004ರ ಅಥೆನ್ಸ್‌ನಲ್ಲಿ ಜೌ ಶಿಮಿಂಗ್ 48 ಕೆ.ಜಿ.ಯಲ್ಲಿ ಕಂಚು ತಂದರು. ಅದು ಚೀನಾದ ಮೊದಲ ಒಲಿಂಪಿಕ್ಸ್ ಬಾಕ್ಸಿಂಗ್ ಪದಕ. ಬೀಜಿಂಗ್, ಲಂಡನ್ ಎರಡರಲ್ಲೂ ಅವರು ಚಿನ್ನ ಗೆದ್ದರು. ಆಮೇಲೆ ವೃತ್ತಿಪರ ಬಾಕ್ಸಿಂಗ್‌ಗೆ ಹೋಗಿ 2016ರಲ್ಲಿ ಅಲ್ಲಿನ ವಿಶ್ವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಒದ ಫ್ಲೈವೇಟ್ ಪಟ್ಟ ಹಿಡಿದರು.

ಹೊಸದಾಗಿ ಬರುವ ಮಹಿಳಾ ವಿಭಾಗಗಳಿಗೆ ಬೇರೆಯವರು ಕಣ್ಣುಜ್ಜಿಕೊಳ್ಳುವ ಮೊದಲೇ ಹಣ, ಕೋಚ್ ಸುರಿಯುವುದು ಚೀನಾಕ್ಕೆ ರೂಢಿ. 2000ದ ಸಿಡ್ನಿಯಲ್ಲಿ ಮಹಿಳಾ ವೇಟ್‌ಲಿಫ್ಟಿಂಗ್ ಮೊದಲ ಸಲ ಬಂದಾಗ ನಾಲ್ವರನ್ನು ಕಳಿಸಿ ನಾಲ್ಕೂ ಚಿನ್ನ ತಂದರು. ನಮ್ಮ ಕರ್ಣಂ ಮಲ್ಲೇಶ್ವರಿ ಕಂಚು ಗೆದ್ದ 69 ಕೆ.ಜಿ.ಯಲ್ಲಿ ಚಿನ್ನ ಗೆದ್ದದ್ದು ಚೀನಾದ ಲಿನ್ ವೀನಿಂಗ್. ಬಾಕ್ಸಿಂಗ್‌ನಲ್ಲೂ ಹಾಗೇ ಆಗುತ್ತದೆ ಎಂದು 2012ರಲ್ಲಿ ಬಹಳ ಜನ ನಂಬಿದ್ದರು. ಆಗಲಿಲ್ಲ. ಲಂಡನ್‌ನಲ್ಲಿ ರೆನ್‌ಗೆ ಬೆಳ್ಳಿ, 75 ಕೆ.ಜಿ.ಯಲ್ಲಿ ಲಿ ಜಿನ್‌ಜಿಗೆ ಕಂಚು. ರಿಯೊದಲ್ಲಿ 60 ಕೆ.ಜಿ.ಯಲ್ಲಿ ಯಿನ್ ಜುನ್‌ಹುವಾಗೆ ಬೆಳ್ಳಿ, ಉಳಿದ ಎರಡರಲ್ಲೂ ಕಂಚು. ಟೋಕಿಯೊದಲ್ಲಿ ಎರಡು ಬೆಳ್ಳಿ. ಭಾರ ಎತ್ತುವಾಗ ಕಬ್ಬಿಣ ತಿರುಗಿ ಹೊಡೆಯುವುದಿಲ್ಲ. ಇಲ್ಲಿ ಎದುರಿಗಿರುವವರು ಹೊಡೆಯುತ್ತಾರೆ. ಹಣ ಸುರಿದ ಮಾತ್ರಕ್ಕೆ ಅವರ ತಲೆಯೊಳಗಿನದು ಗೊತ್ತಾಗುವುದಿಲ್ಲ.

ಪ್ರಶ್ನೆ: ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಲವ್ಲಿನಾ ಬೊರ್ಗೊಹೈನ್ ಅವರನ್ನು ಸೋಲಿಸಿದ ಚೀನಾದ ಲಿ ಕ್ವಿಯಾನ್‌ಗೆ ಆಗ 34 ವರ್ಷ ಅಂತೆ. ಈ ವಯಸ್ಸಿನಲ್ಲಿ ಬಾಕ್ಸಿಂಗ್ ಸಾಧ್ಯವೇ? — ಮೂವತ್ತಕ್ಕೇ ಮಂಡಿ ನೋವು ಬಂದವಳು

ಸಾಧ್ಯವಾಯಿತಲ್ಲ ತಾಯಿ! ಮೊದಲು ಬಾಸ್ಕೆಟ್‌ಬಾಲ್ ಆಡುತ್ತಿದ್ದ, ಒಳ ಮಂಗೋಲಿಯಾದ ಎತ್ತರದ ಹೆಂಗಸು. ರಿಯೊದಲ್ಲಿ ಕಂಚು. 2018ರಲ್ಲಿ ನವದೆಹಲಿಯಲ್ಲಿ ವಿಶ್ವ ಚಾಂಪಿಯನ್. ಟೋಕಿಯೊ ಕ್ವಾರ್ಟರ್‌ಫೈನಲ್‌ನಲ್ಲಿ ನಮ್ಮ ಪೂಜಾ ರಾಣಿಯವರನ್ನು 5-0ಯಲ್ಲಿ ಸೋಲಿಸಿ, ಫೈನಲ್‌ನಲ್ಲಿ ಬ್ರಿಟನ್ನಿನ ಲಾರೆನ್ ಪ್ರೈಸ್‌ಗೆ ಸೋತು ಬೆಳ್ಳಿ. ಅಲ್ಲಿಗೆ ಮುಗಿಸಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ.

ಲವ್ಲಿನಾ ಜೊತೆಗಿನ ಲೆಕ್ಕ ಸ್ವಾರಸ್ಯವಾದದ್ದು. ಲವ್ಲಿನಾ ಟೋಕಿಯೊದಲ್ಲಿ ಕಂಚು ಗೆದ್ದದ್ದು 69 ಕೆ.ಜಿ.ಯಲ್ಲಿ. ಆ ತೂಕ ಪ್ಯಾರಿಸ್‌ಗೆ ಇಲ್ಲವಾದ್ದರಿಂದ 75ಕ್ಕೆ ಹತ್ತಿದರು. ನೋಡಿ, ಮೇರಿಗೆ ಆದದ್ದೇ ಮತ್ತೆ. 2023ರ ಮಾರ್ಚ್‌ನಲ್ಲಿ ನವದೆಹಲಿ ವಿಶ್ವ ಚಾಂಪಿಯನ್‌ಷಿಪ್ ಸೆಮಿಯಲ್ಲಿ ಲವ್ಲಿನಾ ಲಿ ಅವರನ್ನು 4-1ರಲ್ಲಿ ಸೋಲಿಸಿ, ಮುಂದೆ ಚಿನ್ನವನ್ನೂ ಗೆದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್, ಲಿ ಗೆಲುವು. 2024ರ ಆಗಸ್ಟ್ 4, ಪ್ಯಾರಿಸ್ ಕ್ವಾರ್ಟರ್‌ಫೈನಲ್, ಲಿ 4-1. ಆ ಬೌಟ್‌ನಲ್ಲಿ ಹಿಡಿದಾಟ ಎಳೆದಾಟ ಹೆಚ್ಚಾಗಿ ನೋಡಲು ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ಆದರೆ ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ಸೆಮಿಯಲ್ಲಿ ಆಸ್ಟ್ರೇಲಿಯಾದ ಕೇಟ್ಲಿನ್ ಪಾರ್ಕರ್, ಫೈನಲ್‌ನಲ್ಲಿ ಪನಾಮಾದ ಅಥೆಯ್ನಾ ಬೈಲನ್. ಬೈಲನ್ ಆಗ ಲಿ ಅವರಿಗಿಂತಲೂ ಹಿರಿಯರು, ನಿಮ್ಮ ಮಂಡಿಗೆ ಹೇಳಿ. ಕಂಚು, ಬೆಳ್ಳಿ, ಚಿನ್ನ, ಮೂರು ಒಲಿಂಪಿಕ್ಸ್‌ನಲ್ಲಿ ಒಂದೊಂದು ಮೆಟ್ಟಿಲು.

ಪ್ರಶ್ನೆ: ಹಾಗಾದರೆ ಚೀನಾದ ಮಹಿಳಾ ಬಾಕ್ಸರ್‌ಗಳಲ್ಲಿ ಅತಿ ದೊಡ್ಡವರು ಲಿ ಕ್ವಿಯಾನ್ ಎಂದಾಯಿತು. ರೆನ್ ಹೆಸರು ಯಾಕೆ ಹಿಡಿದು ಕೂತಿದ್ದೀರಿ? — ಹೆಸರು ಬೇಡ ಎಂದವರು

ಪದಕದ ಪೆಟ್ಟಿಗೆ ತೂಗಿದರೆ ಲಿ ಕ್ವಿಯಾನ್, ಸಂಶಯವೇ ಇಲ್ಲ. ಮೊದಲನೆಯವರು ಯಾರು ಎಂದರೆ ಚಾಂಗ್ ಯುವಾನ್. ಪ್ಯಾರಿಸ್‌ನಲ್ಲಿ ಆಗಸ್ಟ್ 8ರಂದು 54 ಕೆ.ಜಿ. ಫೈನಲ್‌ನಲ್ಲಿ ಟರ್ಕಿಯ ಹತಿಜೆ ಅಕ್‌ಬಾಷ್ ಅವರನ್ನು 5-0ಯಲ್ಲಿ ಸೋಲಿಸಿದಾಗ ಚೀನಾದ ಮಹಿಳಾ ಬಾಕ್ಸಿಂಗ್‌ಗೆ ಮೊದಲ ಒಲಿಂಪಿಕ್ ಚಿನ್ನ ಬಂತು. 50 ಕೆ.ಜಿ.ಯಲ್ಲಿ ವು ಯು, ನಮ್ಮ ನಿಖತ್ ಝರೀನ್ ಅವರನ್ನು ಹೊರಹಾಕಿದವರು, ಇನ್ನೊಂದು ಚಿನ್ನ ತಂದರು. ಲಿ ಅವರದು ಮೂರನೆಯದು. ಯಾಂಗ್ ವೆನ್‌ಲು, ಯಾಂಗ್ ಲಿಯು ಬೆಳ್ಳಿ. ಆರು ತೂಕದಲ್ಲಿ ಐದು ಫೈನಲ್! 2012ರಲ್ಲಿ ಆಗಬೇಕಾಗಿದ್ದು 2024ರಲ್ಲಿ ಆಯಿತು.

ಆದರೂ ನಾನು ರೆನ್ ಹೆಸರು ಹಿಡಿಯುತ್ತೇನೆ. ಕಾರಣ ಸರಳ. ಉಳಿದವರು ಆಡುವ ಹೊತ್ತಿಗೆ ದಾರಿ ಗೊತ್ತಿತ್ತು. ರೆನ್ ವಿಶ್ವ ಚಾಂಪಿಯನ್ ಆದಾಗ ಒಲಿಂಪಿಕ್ಸ್‌ನಲ್ಲಿ ಮಹಿಳಾ ಬಾಕ್ಸಿಂಗ್ ಹೇಗಿರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಇಂಗ್ಲೆಂಡಿನವರಿಗೂ. ಅಂಥ ಕಾಲದಲ್ಲಿ, ತಮ್ಮ ತೂಕದಲ್ಲಿ ಆರು ವರ್ಷಗಳ ಅಂತರದಲ್ಲಿ ಎರಡು ವಿಶ್ವ ಪಟ್ಟ, ಎರಡು ಒಲಿಂಪಿಕ್ ಪದಕ ಗೆದ್ದರು. ಆಡಮ್ಸ್, ಐರ್ಲೆಂಡಿನ ಕೇಟಿ ಟೇಲರ್, ಅಮೆರಿಕದ ಕ್ಲಾರೆಸ್ಸಾ ಶೀಲ್ಡ್ಸ್ ಲಂಡನ್ ಚಿನ್ನದ ಹೆಸರಿನ ಮೇಲೆ ವೃತ್ತಿಪರ ಬಾಕ್ಸಿಂಗ್‌ಗೆ ಹೋಗಿ ಹಣ, ಹೆಸರು ಎರಡೂ ಮಾಡಿದರು. ಬೆಳ್ಳಿ ಗೆದ್ದವರ ಮನೆ ಬಾಗಿಲಿಗೆ ಆ ಪ್ರವರ್ತಕರು ಬರುವುದು ಅಪರೂಪ. ನೀವು ಒಪ್ಪದಿದ್ದರೆ ಕಾಗದ ಬರೆಯಿರಿ, ಆದರೆ ಹೆಸರು ಹಾಕಿ ಬರೆಯಿರಿ.

ಪ್ರಶ್ನೆ: ಗಂಡಸರು ಹೆಡ್‌ಗಾರ್ಡ್ (ತಲೆಗೆ ಹಾಕುವ ಮೆತ್ತೆಯ ಕವಚ) ಇಲ್ಲದೆ ಆಡುತ್ತಾರೆ, ಮಹಿಳೆಯರಿಗೆ ಯಾಕೆ ಇನ್ನೂ ಕಡ್ಡಾಯ? — ಕಾಲೇಜು ಉಪನ್ಯಾಸಕಿ

2013ರಲ್ಲಿ ಗಂಡಸರದು ತೆಗೆದರು. ರಿಯೊದಲ್ಲಿ ಅವರು ಬರಿತಲೆಯಲ್ಲಿ ಆಡಿದರು. ಹೆಡ್‌ಗಾರ್ಡ್ ಇದ್ದರೆ ಧೈರ್ಯ ಹೆಚ್ಚಿ ತಲೆ ಮುಂದೆ ಕೊಡುತ್ತಾರೆ, ಬದಿಯ ಹೊಡೆತ ಕಾಣುವುದಿಲ್ಲ ಎಂಬುದು ಆಗಿನ ವಾದ. ಮಹಿಳೆಯರ ವಿಷಯದಲ್ಲಿ ಅಷ್ಟು ಅಧ್ಯಯನ ಆಗಿಲ್ಲವೆಂದು ಹಾಗೇ ಉಳಿಸಿದರು. ನನ್ನ ಮತ ಕೇಳುವುದಾದರೆ, ಇರಲಿ. ಹೆಡ್‌ಗಾರ್ಡ್ ಮಿದುಳಿನ ಅಲುಗಾಟ ತಡೆಯುವುದಿಲ್ಲ, ಹುಬ್ಬು ಸೀಳುವುದನ್ನಂತೂ ತಡೆಯುತ್ತದೆ. ಹುಬ್ಬು ಸೀಳಿದವರು ಎರಡು ದಿನದಲ್ಲಿ ಮುಂದಿನ ಬೌಟ್ ಆಡಲಾಗದು.

ಪ್ರಶ್ನೆ: 2028ರ ಒಲಿಂಪಿಕ್ಸ್‌ನಲ್ಲಿ ಬಾಕ್ಸಿಂಗ್ ಇರುವುದೇ ಇಲ್ಲ ಎಂದು ಯಾರೋ ಹೇಳಿದರು. ನಿಜವೇ? — ಕುಸ್ತಿ ಕುಟುಂಬದವನು

ಸ್ವಲ್ಪ ಕಾಲ ಹಾಗೇ ಇತ್ತು. ಹಳೆಯ ಅಂತರರಾಷ್ಟ್ರೀಯ ಸಂಸ್ಥೆ ಐಬಿಎಯ ಮಾನ್ಯತೆಯನ್ನು ಒಲಿಂಪಿಕ್ ಸಮಿತಿ 2023ರ ಜೂನ್‌ನಲ್ಲಿ ಹಿಂತೆಗೆದುಕೊಂಡಿತು. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಬಾಕ್ಸಿಂಗ್ ನಡೆಸಿದ್ದು ಒಲಿಂಪಿಕ್ ಸಮಿತಿಯವರೇ. ವರ್ಲ್ಡ್ ಬಾಕ್ಸಿಂಗ್ ಎಂಬ ಹೊಸ ಸಂಸ್ಥೆಗೆ 2025ರ ಫೆಬ್ರುವರಿಯಲ್ಲಿ ತಾತ್ಕಾಲಿಕ ಮಾನ್ಯತೆ ಸಿಕ್ಕಿತು, ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಪಟ್ಟಿಗೆ ಬಾಕ್ಸಿಂಗ್ ಸೇರಿತು. ಲಂಡನ್‌ನಲ್ಲಿ ಗಂಡಸರಿಗೆ ಹತ್ತು ತೂಕ, ಹೆಂಗಸರಿಗೆ ಮೂರು. ಲಾಸ್ ಏಂಜಲೀಸ್‌ನಲ್ಲಿ ಇಬ್ಬರಿಗೂ ಏಳೇಳು.